ಗಾಜಿನ ನಳಿಕೆಯೊಳಗಿನ ರಾಣಿ
ಕಳೆದ ಮೇ ತಿಂಗಳಲ್ಲಿ, ಮಳೆ ನಿಂತ ಒಂದು ಸಂಜೆ, ಅಟ್ಲಾಂಟಾದ ನಮ್ಮ ಅಂಗಳದಲ್ಲಿ ರೆಕ್ಕೆ ಕಳಚಿದ ದೊಡ್ಡ ಗೊದ್ದವೊಂದು ಅಲೆಯುತ್ತಿತ್ತು. ಕಾರ್ಪೆಂಟರ್ ಇರುವೆಯ ರಾಣಿಯೆಂದು ಮಗ ಗುರುತಿಸಿದ. ಆಗಸದಲ್ಲಿ ಗಂಡಿನೊಡನೆ ಕೂಡಿ ಇಳಿದ ಅದು ಗೂಡಿಗೆ ತಾವು ಅರಸುತ್ತಿತ್ತು.

ಪರೀಕ್ಷಾ ನಳಿಕೆಯ ಅರ್ಧಕ್ಕೆ ನೀರು ತುಂಬಿ, ಹತ್ತಿಯಿಂದ ತಡೆದು, ರಾಣಿಯನ್ನು ಬಿಟ್ಟು ಬಾಯಿಗೂ ಹತ್ತಿ ಇಟ್ಟೆವು. ಬಳಿಕ ಕಪಾಟಿನ ಕತ್ತಲು. "ಅದಕ್ಕೆ ಊಟ ಬೇಡವೇನಪ್ಪಾ?" ಎಂದು ಊರಿನಿಂದ ಅಮ್ಮ ವಿಚಾರಿಸಿದರು. ಬೇಡ, ಇನ್ನು ಹಾರಬೇಕಿಲ್ಲದ ರಾಣಿ ರೆಕ್ಕೆಯ ಸ್ನಾಯುಗಳನ್ನೇ ಕರಗಿಸಿ ಮೊದಲ ಮರಿಗಳನ್ನು ಸಾಕುತ್ತದೆ. ಪದೇಪದೇ ಇಣುಕಿದರೆ ಮೊಟ್ಟೆಗಳನ್ನು ತಾನೇ ತಿಂದೀತು. ಸುಮಾರು ಎರಡು ತಿಂಗಳಿಗೆ ಐದು ಪುಟ್ಟ ಕೆಲಸಗಾರ ಇರುವೆಗಳು ಕಾಣಿಸಿಕೊಂಡವು. (ಇಲ್ಲಿನ ಬೆಂಕಿ ಇರುವೆಯನ್ನು ಮಾತ್ರ ಮುಟ್ಟಬೇಡಿ. ಅದು ಕುಟುಕಿ ಉಸಿರುಗಟ್ಟಿದವರಿಗೆ ನಾನೇ ಚಿಕಿತ್ಸೆ ನೀಡಿದ್ದೇನೆ.)

ಈಗ ಉದ್ಯೋಗನಿಮಿತ್ತ ಮೇರಿಲ್ಯಾಂಡಿಗೆ ಹೊರಟಿದ್ದೇವೆ. ಜೀವಂತ ಇರುವೆಗಳನ್ನು ರಾಜ್ಯದ ಗಡಿ ದಾಟಿಸಲು ಕೇಂದ್ರ ಕೃಷಿ ಇಲಾಖೆಯ ಅನುಮತಿಪತ್ರ ಬೇಕು. ವೀಸಾಕ್ಕಾಗಿ ವರ್ಷಗಟ್ಟಲೆ ಕಾದಿದ್ದ ನಾನು ನಕ್ಕುಬಿಟ್ಟೆ, ಮಗ ನಗಲಿಲ್ಲ. ನೆರೆಮನೆಯ ಹುಡುಗನಿಗೆ ನಳಿಕೆಯನ್ನು ಒಪ್ಪಿಸಿ, ಚಳಿಗಾಲದಲ್ಲಿ ತಂಪಾದ ಗ್ಯಾರೇಜಿನಲ್ಲಿಡು ಎಂಬ ಚೀಟಿಯನ್ನೂ ಅಂಟಿಸಿ ಬಂದಿದ್ದಾನೆ.