ಆಸ್ಪತ್ರೆ ಕಾಗದದ ಮೇಲಿನ ಸಂಕೇತ ಸಂಖ್ಯೆ: ಅರ್ಜಿದಾರರ ಗಮನಕ್ಕೆ

ವಿದ್ಯಾರ್ಥಿವೇತನದ ಅರ್ಜಿಗಳ ಜೊತೆಗೆ ಬಸವಕಲ್ಯಾಣ, ಹುಮನಾಬಾದ ತಾಲೂಕುಗಳಿಂದ ವೈದ್ಯಕೀಯ ನೆರವಿನ ಅರ್ಜಿಗಳೂ ನಮ್ಮಲ್ಲಿಗೆ ಬರುತ್ತವೆ. ಅಂಥ ಒಂದು ಅರ್ಜಿಯಿಂದಾಗಿ ಈ ಲೇಖನ ಬರೆಯಬೇಕಾಯಿತು. ನಮ್ಮ ವಿದ್ಯಾರ್ಥಿವೇತನ ಪಡೆಯುವ ಪಿಯುಸಿ ಹುಡುಗಿಯೊಬ್ಬಳು ತಂದೆಯ ಫೈಲು ಹಿಡಿದು ಬಂದು, "ಸರ್, ಅಬ್ಬಾನ ಕ್ಲೇಮ್ ವಾಪಸ್ ಬಂದಿದೆ. ನನ್ನ ಫೀಜಿನ ದುಡ್ಡೂ ಆಸ್ಪತ್ರೆಗೇ ಹೋಯಿತು" ಎಂದಳು.

ಆ ತಂದೆಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಆಗಿತ್ತು. ಆಮೇಲೆ ಕೆಮ್ಮಿದರೆ, ಭಾರ ಎತ್ತಿದರೆ, ಎದ್ದು ನಿಂತರೆ ಮೂತ್ರ ಸೋರತೊಡಗಿತು. ವುಜೂ ನಿಲ್ಲುವುದಿಲ್ಲವೆಂದು ಮಸೀದಿಗೆ ಬರುವುದನ್ನು ಬಿಟ್ಟರು, ಅಂಗಡಿಯಲ್ಲಿ ಕೂಡುವುದನ್ನೂ ಬಿಟ್ಟರು. ಬಹಳ ದಿನ ಮನೆಯವರಿಗೆ ಮೊಣಕಾಲು ನೋವೆಂದೇ ಹೇಳಿದ್ದರಂತೆ. ಕಡೆಗೆ ವೈದ್ಯರು ಕೃತಕ ಮೂತ್ರ ಸ್ಫಿಂಕ್ಟರ್ ಅಳವಡಿಸಿದರು.

ಇದು ದೇಹದೊಳಗೆ ಕೂಡಿಸುವ ಸಣ್ಣ ಯಂತ್ರ. 1972ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಡಾ. ಬ್ರಾಂಟ್ಲಿ ಸ್ಕಾಟ್ ಇದನ್ನು ಮೊದಲು ಅಳವಡಿಸಿದರು. ಮೂತ್ರನಾಳದ ಸುತ್ತ ದ್ರವ ತುಂಬಿದ ಒಂದು ಪಟ್ಟಿ, ಹೊಟ್ಟೆಯೊಳಗೆ ಒಂದು ಬಲೂನು, ವೃಷಣ ಚೀಲದಲ್ಲಿ ಒಂದು ಪುಟ್ಟ ಪಂಪು. ಪಂಪನ್ನು ಒತ್ತಿದರೆ ಪಟ್ಟಿಯ ದ್ರವ ಬಲೂನಿಗೆ ಸರಿದು ದಾರಿ ತೆರೆಯುತ್ತದೆ. ಕೆಲವು ನಿಮಿಷಗಳಲ್ಲಿ ದ್ರವ ತಾನೇ ಹಿಂದಿರುಗಿ ಪಟ್ಟಿ ಮುಚ್ಚಿಕೊಳ್ಳುತ್ತದೆ. ಗಾಯ ಮಾಯಬೇಕಾದ್ದರಿಂದ ಸಾಮಾನ್ಯವಾಗಿ ಆರು ವಾರಗಳ ನಂತರವೇ ಯಂತ್ರವನ್ನು ಚಾಲೂ ಮಾಡುತ್ತಾರೆ. ಬೆಲೆ ಲಕ್ಷಗಳಲ್ಲಿದೆ. ಆದ್ದರಿಂದ ಕ್ಲೇಮ್ ವಾಪಸ್ ಬಂದರೆ ಆ ಮನೆ ಏಳುವುದು ಕಷ್ಟ.

ಫೈಲು ಬಿಚ್ಚಿ ನೋಡಿದೆವು. ಡಿಸ್ಚಾರ್ಜ್ ಸಮರಿಯಲ್ಲಿ ರೋಗದ ಮುಂದೆ ಒಂದೇ ಸಂಕೇತವಿತ್ತು: ಆರ್ 32.

ಶಾಲೆಯಲ್ಲಿ ಪ್ರಶ್ನೆಪತ್ರಿಕೆ ಹಂಚಿ ಹಂಚಿ ಮುದುಕರಾದ ನಮಗೆ ಸಂಕೇತ ಸಂಖ್ಯೆಯ ಮಹಿಮೆ ಗೊತ್ತು. ಎಸ್‌ಎಸ್‌ಎಲ್‌ಸಿ ಗಣಿತ ಪತ್ರಿಕೆಯ ಮೇಲೆ 81-ಕೆ ಎಂದಿದ್ದರೆ ಅದು ಕನ್ನಡ ಮಾಧ್ಯಮದ್ದು, 81-ಇ ಎಂದಿದ್ದರೆ ಇಂಗ್ಲಿಷಿನದು. ಒಂದು ಅಕ್ಷರ ತಪ್ಪಿದರೂ ಮಗುವಿನ ಕೈಗೆ ಬೇರೆಯೇ ಪತ್ರಿಕೆ ಬರುತ್ತದೆ. ರೋಗಗಳಿಗೂ ಹೀಗೆಯೇ ಒಂದು ಪಟ್ಟಿ ಇದೆ. ವಿಶ್ವ ಆರೋಗ್ಯ ಸಂಸ್ಥೆ ಮಾಡಿದ ಈ ಪಟ್ಟಿಯ ಹತ್ತನೆಯ ಪರಿಷ್ಕರಣೆಗೆ, ಅಂದರೆ ಐಸಿಡಿ-10ಕ್ಕೆ, 1990ರಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮ ದೇಶದ ವಿಮೆ ಕ್ಲೇಮ್ ಫಾರ್ಮಿನಲ್ಲಿ ಆಸ್ಪತ್ರೆಯವರು ತುಂಬುವ 'ಬಿ' ಭಾಗ ಇರುತ್ತದೆ. ಈ ಸಂಕೇತವನ್ನು ಅಲ್ಲಿ ಬರೆಯಬೇಕು.

ಆ ಪಟ್ಟಿಯಲ್ಲಿ ಆರ್ 32 ಎಂದರೆ ಮೂತ್ರ ಸೋರುತ್ತದೆ ಎಂದಷ್ಟೇ. ಯಾಕೆ, ಯಾವ ಬಗೆ ಎಂಬುದಿಲ್ಲ. ಅದು ರೋಗವಲ್ಲ, ಲಕ್ಷಣ. ಕೆಮ್ಮಿದಾಗ, ಭಾರ ಎತ್ತಿದಾಗ ಸೋರುವುದಕ್ಕೆ ಎನ್ 39.3 ಎಂಬ ಬೇರೆ ಸಂಕೇತವಿದೆ. ಪ್ರಾಸ್ಟೇಟ್ ಕ್ಯಾನ್ಸರಿಗೆ ಸಿ 61. ನರಗಳ ತೊಂದರೆಯಿಂದ ಮೂತ್ರಕೋಶ ಹಿಡಿತ ತಪ್ಪಿದ್ದರೆ ಎನ್ 31. ಹುಟ್ಟಿನಿಂದ ಬೆನ್ನುಹುರಿಯ ದೋಷವಿರುವ ಮಕ್ಕಳ ಕಾಗದದಲ್ಲಿ ಇದರೊಡನೆ ಕ್ಯೂ 05 ಇರುತ್ತದೆ. ನಮ್ಮ ಅರ್ಜಿದಾರರ ಕಾಗದದಲ್ಲಿ ಕ್ಯಾನ್ಸರಿನ ಹೆಸರೂ ಇಲ್ಲ, ಹಿಂದಿನ ಶಸ್ತ್ರಚಿಕಿತ್ಸೆಯ ತಾರೀಖೂ ಇಲ್ಲ. ಬರೀ ಒಂದು ಲಕ್ಷಣಕ್ಕೆ ಇಷ್ಟು ದುಬಾರಿ ಯಂತ್ರ ಏಕೆ ಎಂದು ವಿಮೆಯವರು ಕೇಳಿದ್ದರು. ಅವರನ್ನು ಪೂರ್ತಿ ತಪ್ಪೆನ್ನಲೂ ನಮಗೆ ಮನಸ್ಸಾಗಲಿಲ್ಲ. ತಪ್ಪಾಗಿದ್ದು ಅವಸರದಲ್ಲಿ ಬರೆದ ಕೈಯಿಂದ.

ರೋಗದ ಸಂಕೇತ ಬೇರೆ, ಮಾಡಿದ ಕೆಲಸದ ಸಂಕೇತ ಬೇರೆ. ಅಮೆರಿಕದಲ್ಲಿ ಸಿಪಿಟಿ ಎಂಬ ಪಟ್ಟಿ ನಡೆಯುತ್ತದೆ. ಯುಎಇಯಲ್ಲೂ ಅದನ್ನೇ ಬಳಸುವುದರಿಂದ, ಅಲ್ಲಿ ದುಡಿಯುವ ನಮ್ಮ ಮಕ್ಕಳ ಬಿಲ್ಲಿನಲ್ಲಿ ಅದು ಕಾಣಬಹುದು. ಸ್ಫಿಂಕ್ಟರ್ ಅಳವಡಿಸಿದರೆ 53445, ತೆಗೆದರೆ 53446, ಅದೇ ಸಲ ತೆಗೆದು ಹೊಸದು ಹಾಕಿದರೆ 53447, ರಿಪೇರಿಗೆ 53449. ನಮ್ಮ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಚಿಕಿತ್ಸೆಗೆ ಪ್ಯಾಕೇಜ್ ಸಂಕೇತವಿರುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30ರಂತೆ 1.5 ಲಕ್ಷದವರೆಗೆ ಸೌಲಭ್ಯ. ತುರ್ತು ಅಲ್ಲದ ಚಿಕಿತ್ಸೆಗೆ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ರೆಫರಲ್ ಪತ್ರ ಪಡೆಯಬೇಕು. ಭರ್ತಿಯಾಗುವ ಮುಂಚೆಯೇ ಆರೋಗ್ಯಮಿತ್ರರಿಂದ ಪ್ಯಾಕೇಜಿನ ಹೆಸರು, ಸಂಕೇತ ಬರೆಸಿಕೊಳ್ಳಿ. ಆಪರೇಷನ್ ಆದ ಮೇಲೆ ಕೇಳುವುದು ಪರೀಕ್ಷೆ ಮುಗಿದ ಮೇಲೆ ಹಾಲ್ ಟಿಕೆಟ್ ಹುಡುಕಿದಂತೆ.

ದುಡ್ಡಿಗಿಂತ ದೊಡ್ಡ ಕಾರಣ ಇನ್ನೊಂದಿದೆ. ಈ ಯಂತ್ರವಿರುವವರಿಗೆ ಮುಂದೆ ಎಂದಾದರೂ ಅಪಘಾತವಾಗಿ, ಪ್ರಜ್ಞೆ ಇಲ್ಲದೆ ತುರ್ತು ವಿಭಾಗಕ್ಕೆ ಬಂದರೆ ಅಲ್ಲಿಯವರು ಮೂತ್ರಕ್ಕೆ ನಳಿಗೆ ಹಾಕುತ್ತಾರೆ. ಪಟ್ಟಿಯನ್ನು ತೆರೆದಿಡದೆ ನಳಿಗೆ ತುರುಕಿದರೆ ಮೂತ್ರನಾಳಕ್ಕೆ ಪೆಟ್ಟಾಗಿ ಯಂತ್ರವನ್ನೇ ತೆಗೆಯಬೇಕಾಗಬಹುದು. ದೇಹದಲ್ಲಿ ಮೂತ್ರಾಂಗದ ಇಂಪ್ಲಾಂಟ್ ಇದೆ ಎಂದು ಹೇಳಲೆಂದೇ ಝಡ್ 96.0 ಎಂಬ ಸಂಕೇತವಿದೆ. ಆದರೆ ಸಂಕೇತ ಫೈಲಿನಲ್ಲಿ, ಫೈಲು ಮನೆಯ ಟ್ರಂಕಿನಲ್ಲಿ ಇದ್ದರೆ ಏನು ಬಂತು? ಆಸ್ಪತ್ರೆ ಕೊಟ್ಟ ಇಂಪ್ಲಾಂಟ್ ಕಾರ್ಡು ಜೇಬಿನಲ್ಲಿರಲಿ, ಹೆಂಡತಿ ಮಕ್ಕಳಿಗೂ ವಿಷಯ ಗೊತ್ತಿರಲಿ. ನಾಚಿಕೆ ಪಡುವ ಸಂಗತಿ ಇದರಲ್ಲಿಲ್ಲ.

ನಮ್ಮ ಅರ್ಜಿದಾರರು ಮೂರು ಸಲ ಆಸ್ಪತ್ರೆಗೆ ಅಲೆದ ಮೇಲೆ ಸಿ 61, ಎನ್ 39.3 ಎರಡೂ ಇರುವ ತಿದ್ದಿದ ಸಮರಿ ಸಿಕ್ಕಿತು. ಯಂತ್ರದ ಸ್ಟಿಕ್ಕರ್, ಬಿಲ್ಲು ಸೇರಿಸಿ ಮತ್ತೆ ಕಳಿಸಿದೆವು. ದೊಡ್ಡ ಪಾಲು ಬಂತು, ಪೂರ್ತಿ ಬರಲಿಲ್ಲ. ಮಗಳ ಫೀಜನ್ನು ವಿದ್ಯಾರ್ಥಿವೇತನದ ಲೆಕ್ಕದಿಂದ ಕಟ್ಟಿದ್ದೇವೆ. ಝಕಾತ್ ಕೊಟ್ಟ ದಾನಿಗಳಿಗೆ ಈ ಲೆಕ್ಕ ತಿಳಿಸುವುದು ನಮ್ಮ ಕರ್ತವ್ಯ.

ಇನ್ನು ಮುಂದೆ ವೈದ್ಯಕೀಯ ನೆರವು ಕೇಳುವವರು ಡಿಸ್ಚಾರ್ಜ್ ಸಮರಿ, ಮುಂಚಿನ ಶಸ್ತ್ರಚಿಕಿತ್ಸೆಯ ಕಾಗದ, ಇಂಪ್ಲಾಂಟ್ ಸ್ಟಿಕ್ಕರಿನ ಜೆರಾಕ್ಸ್ ಮತ್ತು ಬಿಲ್ಲು ತರಬೇಕು. ಸಂಕೇತ ಓದಲು ಬಾರದಿದ್ದರೆ ಹಾಗೆಯೇ ತನ್ನಿ, ಕೂತು ಓದೋಣ. ಮನೆಯವರ ಎದುರು ಮಾತಾಡಲು ಸಂಕೋಚವಿರುವ ಹಿರಿಯರು ಒಬ್ಬರೇ ಬಂದರೂ ಆದೀತು.