ಬೀಗದ ಗುಟ್ಟು ಯಾರ ಸೊತ್ತು?

ಲಂಡನ್ ನಗರದ ಪಿಕಡಿಲಿ ಬೀದಿಯಲ್ಲಿದ್ದ ಬ್ರಾಮಾ ಕಂಪೆನಿಯ ಅಂಗಡಿಯ ಕಿಟಕಿಯಲ್ಲಿ ಹಲವು ದಶಕಗಳ ಕಾಲ ಒಂದು ಬೀಗವನ್ನು ಪ್ರದರ್ಶನಕ್ಕಿಡಲಾಗಿತ್ತು. ಕೀಲಿಕೈಯಿಲ್ಲದೆ ಅದನ್ನು ತೆರೆಯಬಲ್ಲ ಸಾಧನವನ್ನು ನಿರ್ಮಿಸಿದವರಿಗೆ 200 ಗಿನಿಗಳ ಬಹುಮಾನವೆಂದು ಅದರ ಮೇಲಿನ ಬರಹ ಸಾರುತ್ತಿತ್ತು. ದಾರಿಹೋಕರು ಓದಿ ಬೆರಗಾಗುತ್ತಿದ್ದರು. ಬಹುಮಾನ ಗೆದ್ದವರು ಮಾತ್ರ ಯಾರೂ ಇರಲಿಲ್ಲ.

1851ರಲ್ಲಿ ಆ ನಗರದಲ್ಲಿ ಜಗತ್ಪ್ರಸಿದ್ಧ ವಸ್ತುಪ್ರದರ್ಶನ ನಡೆಯಿತು. ಅಮೆರಿಕದ ಬೀಗಗಳನ್ನು ಪ್ರದರ್ಶಿಸಲೆಂದು ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ಅಲ್ಲಿಗೆ ಬಂದನು. ಆತ ಮೊದಲು ಕೈಹಾಕಿದ್ದು ಚಬ್ ಕಂಪೆನಿಯ ‘ಡಿಟೆಕ್ಟರ್’ ಬೀಗಕ್ಕೆ. ಯಾರಾದರೂ ಕಳ್ಳತನದಿಂದ ತೆರೆಯಹೋದರೆ ಬಿಗಿದುಕೊಂಡು, ಒಡೆಯನಿಗೆ ಸುಳಿವು ಕೊಡುವುದು ಅದರ ವೈಶಿಷ್ಟ್ಯ. ಸಾಕ್ಷಿಗಳೆದುರು ಅದನ್ನು ಹಾಬ್ಸ್ ಸುಮಾರು 25 ನಿಮಿಷಗಳಲ್ಲಿ ತೆರೆದನು. ಬಳಿಕ ಬ್ರಾಮಾ ಬೀಗದ ಸರದಿ. ಹದಿನಾರು ದಿನಗಳ ಅವಧಿಯಲ್ಲಿ ಒಟ್ಟು 51 ಗಂಟೆ ಶ್ರಮಿಸಿ ಅದನ್ನೂ ತೆರೆದನು. ಕಂಪೆನಿ ಆಕ್ಷೇಪಿಸಿದರೂ ಪಂಚಾಯಿತರು ಬಹುಮಾನವನ್ನು ಆತನಿಗೇ ಕೊಡಿಸಿದರು.

ಆಗ ಎದ್ದ ಕೋಲಾಹಲ ಸಾಮಾನ್ಯವಾದುದಲ್ಲ. ಬೀಗದ ದೋಷವನ್ನು ಬಯಲಿಗಿಡುವುದೆಂದರೆ ಕಳ್ಳರಿಗೆ ಪಾಠ ಹೇಳಿಕೊಟ್ಟಂತಲ್ಲವೆ ಎಂದು ಹಲವರು ಕೇಳಿದರು. ಈ ಪ್ರಶ್ನೆಗೆ, ಹಾಬ್ಸನ ಬರಹಗಳನ್ನು ಆಧರಿಸಿ 1853ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಉತ್ತರವಿದೆ. ಕಳ್ಳರು ತಮ್ಮ ವೃತ್ತಿಯಲ್ಲಿ ನುರಿತವರು. ಅವರಿಗೆ ಹೊಸದಾಗಿ ಕಲಿಸಬೇಕಾದುದು ಬಹಳವಿಲ್ಲ. ತಿಳಿಯದೆ ಮೋಸಹೋಗುವವರು ಸಜ್ಜನರು. ಚಾಪೆಯ ಕೆಳಗೆ ನುಸುಳಿದವನು ರಂಗೋಲಿಯ ಕೆಳಗೂ ನುಸುಳುತ್ತಾನೆಂಬುದನ್ನು ಮನೆಯೊಡೆಯನು ಅರಿತಿರುವುದೇ ಲೇಸು ಎಂಬುದು ಈ ವಾದದ ತಿರುಳು.

ಹಾಬ್ಸ್ ಕೇವಲ ಪರೋಪಕಾರಿಯಾಗಿದ್ದನೆಂದಲ್ಲ. ಆತನೂ ಬೀಗದ ವ್ಯಾಪಾರಿಯೇ. ಮುಂದೆ ಲಂಡನ್ನಿನಲ್ಲಿಯೇ ಕಂಪೆನಿಯೊಂದನ್ನು ತೆರೆದನು. ಆದರೂ ಆತನಿಂದ ಪೆಟ್ಟು ತಿಂದ ತಯಾರಕರು ತಮ್ಮ ಬೀಗಗಳನ್ನು ಉತ್ತಮಪಡಿಸಬೇಕಾಯಿತೆಂಬುದು ನಿಜ.

ಕಬ್ಬಿಣದ ಬೀಗದ ಈ ಧರ್ಮಸಂದೇಹ ಗಣಕಯಂತ್ರಗಳ ಕಾಲದಲ್ಲಿ ಮತ್ತಷ್ಟು ಜಟಿಲವಾಗಿದೆ. ಒಂದು ಬೀಗವನ್ನು ತೆರೆಯಲು ಹಾಬ್ಸನಿಗೆ ದಿನಗಳೇ ಬೇಕಾದವು. ಇಂದು ಒಂದೂರಿನಲ್ಲಿ ಹೊರಬಿದ್ದ ಗುಟ್ಟು ಗಳಿಗೆಯೊಳಗೆ ಲೋಕವನ್ನೆಲ್ಲ ಸುತ್ತುತ್ತದೆ. 2008ರಲ್ಲಿ ಡ್ಯಾನ್ ಕ್ಯಾಮಿನ್ಸ್ಕಿ ಎಂಬ ಅಮೆರಿಕದ ತಜ್ಞನಿಗೆ ಅಂತರ್ಜಾಲದ ವಿಳಾಸ ವ್ಯವಸ್ಥೆಯಲ್ಲಿ ದೊಡ್ಡದೊಂದು ದೋಷ ಕಂಡಿತು. ಬ್ಯಾಂಕಿನ ಹೆಸರು ಹೇಳಿದವನನ್ನು ವಂಚಕನ ಮನೆಗೆ ಕಳುಹಿಸಬಲ್ಲ ದೋಷವದು. ಆತ ಅದನ್ನು ಕೂಡಲೇ ಸಾರಲಿಲ್ಲ. ಸರಿಪಡಿಸಬಲ್ಲ ತಂತ್ರಜ್ಞರನ್ನು ಸದ್ದಿಲ್ಲದೆ ಕೂಡಿಸಿದನು. ಜುಲೈ 8ರಂದು ಹಲವು ಕಂಪೆನಿಗಳು ಏಕಕಾಲದಲ್ಲಿ ಪರಿಹಾರವನ್ನು ಹೊರತಂದವು. ಅದನ್ನು ಎಲ್ಲರೂ ಅಳವಡಿಸಿಕೊಳ್ಳಲು ಒಂದು ತಿಂಗಳ ಬಿಡುವಿರಲೆಂದು ಆತ ಬಯಸಿದ್ದನು. ಎರಡು ವಾರವಾಗುವುದರೊಳಗೆ ಗುಟ್ಟು ರಟ್ಟಾಯಿತು. ಅಷ್ಟರಲ್ಲಿ ಪರಿಹಾರವಾದರೂ ಕೈಗೆ ಸಿಕ್ಕಿತ್ತು.

ಮೌನಕ್ಕೂ ಒಂದು ಮಿತಿ ಬೇಕು. ಗಡುವಿಲ್ಲದಿದ್ದರೆ ಸೋಮಾರಿಯಾದ ತಯಾರಕನು ದೋಷವನ್ನು ಮುಚ್ಚಿಟ್ಟು ನಿದ್ರಿಸಬಹುದು. ಆದುದರಿಂದಲೇ 2014ರಲ್ಲಿ ಗೂಗಲ್ ಕಂಪೆನಿ ಆರಂಭಿಸಿದ ‘ಪ್ರಾಜೆಕ್ಟ್ ಝೀರೊ’ ತಂಡವು ತಯಾರಕರಿಗೆ 90 ದಿನಗಳ ಗಡುವನ್ನು ಗೊತ್ತುಮಾಡಿತು.

ಮೊದಲು ತಯಾರಕನಿಗೆ, ತಕ್ಕಷ್ಟು ಕಾಲ ಕಳೆದ ಮೇಲೆ ಎಲ್ಲರಿಗೆ: ಈ ಕ್ರಮದಲ್ಲಿ ವಿವೇಕವಿದೆ. ತಯಾರಕನ ಕೀರ್ತಿ, ಕಂಡುಹಿಡಿದವನ ಹೆಮ್ಮೆ ಇವೆರಡೂ ಅನಂತರದ ಮಾತು. ಬೀಗವನ್ನು ನಂಬಿ ನಿದ್ದೆಹೋಗಿರುವ ಮನೆಯವರ ಕ್ಷೇಮವೇ ಮೊದಲನೆಯದು.