ಕುಡಿಯುವ ನೀರು: ಎಷ್ಟು, ಯಾವಾಗ, ಏಕೆ?

ಬಿಸಿಲಲ್ಲಿ ನಡೆದು ಬಂದ ಅತಿಥಿಗೆ ಮೊದಲು ಒಂದು ತಂಬಿಗೆ ನೀರು, ಅದರ ಜೊತೆಗೆ ಒಂದು ಚೂರು ಬೆಲ್ಲ ಕೊಡುವದು ನಮ್ಮ ಕಡೆಯ ರೂಢಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಸೀಮೆಯ ಯಾವ ಹಳ್ಳಿಗೆ ಹೋದರೂ ಕುಶಲಪ್ರಶ್ನೆ ಆಮೇಲೆ, ನೀರು ಮೊದಲು. ಮನೆಯವರು ಕನ್ನಡ ಮಾತನಾಡಲಿ, ಮರಾಠಿ ಮಾತನಾಡಲಿ, ಈ ಒಂದು ಸತ್ಕಾರಕ್ಕೆ ಭಾಷೆಯ ಭೇದವಿಲ್ಲ. ಬಂದವರಿಗೆ ನೀರು ಕೊಡುವದನ್ನು ಎಂದೂ ಮರೆಯದ ನಾವು ನಮ್ಮ ದೇಹಕ್ಕೆ ನೀರು ಕೊಡುವದನ್ನು ಮಾತ್ರ ದಿನಾಲು ಮರೆಯುತ್ತೇವೆ. ಈ ಮರೆವಿನ ಬಗ್ಗೆ ನಾಲ್ಕು ಮಾತು ಹೇಳುವದು ಈ ಲೇಖನದ ಉದ್ದೇಶ.

ದಕ್ಷಿಣದ ಕನ್ನಡಿಗರು ‘ಬಾಯಾರಿಕೆ’ ಎನ್ನುವರು; ನಾವು ‘ನೀರಡಿಕೆ’ ಎನ್ನುವೆವು. ಮೊದಲನೆಯ ಶಬ್ದ ಬಾಯಿ ಆರಿದ ಲಕ್ಷಣವನ್ನು ಹೇಳುತ್ತದೆ. ಎರಡನೆಯದು ದೇಹಕ್ಕೆ ಬೇಕಾದ ವಸ್ತುವಿನ ಹೆಸರನ್ನೇ ಹಿಡಿದು ಕೂಗುತ್ತದೆ. ಕನ್ನಡದ ಮಾಸ್ತರನಾದ ನನಗೆ ಎರಡೂ ಪ್ರಿಯವೇ. ಏಕೆಂದರೆ ವೈದ್ಯಶಾಸ್ತ್ರವು ಹೇಳುವದೂ ಇದನ್ನೇ: ಬಾಯಿ ಆರುವದು ಹೊರಗಿನ ಚಿಹ್ನೆ, ನೀರಿನ ಕೊರತೆ ಒಳಗಿನ ಕಾರಣ.

ಪ್ರಾಯದ ಮನುಷ್ಯನ ತೂಕದಲ್ಲಿ ನೂರಕ್ಕೆ ಸುಮಾರು ೬೦ ಪಾಲು ನೀರೇ ಇರುತ್ತದೆ. ೬೦ ಕಿಲೋ ತೂಗುವ ಒಬ್ಬ ಒಕ್ಕಲಿಗನು ಹೊಲಕ್ಕೆ ನಡೆದನೆಂದರೆ ಸುಮಾರು ೩೬ ಕಿಲೋ ನೀರೇ ನಡೆದಂತೆ! ಹೆಂಗಸರಲ್ಲಿ ಈ ಪ್ರಮಾಣ ತುಸು ಕಡಿಮೆ. ಹುಟ್ಟಿದ ಕೂಸಿನಲ್ಲಿ ಹೆಚ್ಚು. ಈ ನೀರು ನಿಂತ ನೀರಲ್ಲ. ನೆರಳಿನಲ್ಲಿ ಕುಳಿತು ಕೆಲಸ ಮಾಡುವವನ ದೇಹದಿಂದಲೂ ದಿನಕ್ಕೆ ಒಂದೂವರೆ ಲೀಟರಿನಷ್ಟು ಮೂತ್ರವಾಗಿ, ಮುಕ್ಕಾಲು ಲೀಟರಿಗಿಂತ ಹೆಚ್ಚು ಉಸಿರು ಮತ್ತು ಚರ್ಮದ ಮೂಲಕ, ಇನ್ನು ಸ್ವಲ್ಪ ಮಲದೊಡನೆ ಹೊರಗೆ ಹೋಗುತ್ತದೆ. ಹೋದಷ್ಟು ಬರಬೇಕು. ಜಮಾ-ಖರ್ಚಿನ ಲೆಕ್ಕ ತಪ್ಪಿದರೆ ಅಂಗಡಿ ನಡೆಯದಂತೆ ಈ ಲೆಕ್ಕ ತಪ್ಪಿದರೆ ದೇಹ ನಡೆಯಲಾರದು.

ನೀರು ಒಳಗೆ ಮಾಡುವ ಕೆಲಸಗಳು ಅನೇಕ. ಅವುಗಳಲ್ಲಿ ಮುಖ್ಯವಾದ ಎರಡನ್ನು ನೋಡೋಣ. ಮೊದಲನೆಯದು ದೇಹವನ್ನು ತಂಪಾಗಿಡುವದು. ಒಂದು ಲೀಟರು ಬೆವರು ಚರ್ಮದ ಮೇಲೆ ಆರಿಹೋಗುವಾಗ ತನ್ನೊಡನೆ ಸುಮಾರು ೫೮೦ ಕಿಲೋಕ್ಯಾಲರಿ ಉಷ್ಣವನ್ನು ಒಯ್ಯುತ್ತದೆ. ಏಳು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕಾಗುವಷ್ಟು ಉಷ್ಣವಿದು. ಹರವಿಯ ಮೈ ಒಸರಿ ಒಳಗಿನ ನೀರು ತಂಪಾಗುವದೂ ಇದೇ ನಿಯಮದಿಂದ. ಒಸರಲು ನೀರೇ ಇಲ್ಲವಾದರೆ ಹರವಿ ತಂಪಾಗದು. ಬೆವರಲು ನೀರಿಲ್ಲವಾದರೆ ದೇಹವೂ ತಂಪಾಗದು.

ಎರಡನೆಯದು ರಕ್ತವನ್ನು ಶುದ್ಧಗೊಳಿಸುವದು. ನಮ್ಮ ಎರಡು ಮೂತ್ರಪಿಂಡಗಳು ದಿನಕ್ಕೆ ಸುಮಾರು ೧೮೦ ಲೀಟರು ದ್ರವವನ್ನು ರಕ್ತದಿಂದ ಸೋಸುತ್ತವೆ. ೧೫ ಲೀಟರು ಹಿಡಿಯುವ ಕೊಡದಿಂದ ಅಳೆದರೆ ೧೨ ಕೊಡಗಳಾದವು. ಅದರಲ್ಲಿ ಬಹುಪಾಲನ್ನು ಮರಳಿ ರಕ್ತಕ್ಕೆ ಸೇರಿಸಿ ಒಂದೆರಡು ಲೀಟರನ್ನು ಮಾತ್ರ ಕಲ್ಮಷದೊಡನೆ ಹೊರಗೆ ಕಳಿಸುತ್ತವೆ. ನಾವು ನೀರು ಕಡಿಮೆ ಕುಡಿದಾಗ ಮಿದುಳಿನಿಂದ ಒಂದು ರಸದೂತ ಹೊರಟು ಮೂತ್ರಪಿಂಡಗಳಿಗೆ ‘ನೀರನ್ನು ಉಳಿಸಿರಿ’ ಎಂಬ ಆಜ್ಞೆಯನ್ನು ಮುಟ್ಟಿಸುತ್ತದೆ. ಆಗ ಮೂತ್ರ ಕಡಿಮೆಯಾಗಿ ಬಣ್ಣ ದಟ್ಟವಾಗುತ್ತದೆ. ಅದೇ ಹೊತ್ತಿಗೆ ನಮಗೆ ನೀರಡಿಕೆಯೂ ಆಗುತ್ತದೆ. ದೇಹವು ಇಷ್ಟು ಜಾಣತನದಿಂದ ಸಂಸಾರ ಮಾಡುತ್ತಿರುವಾಗ ನಾವು ಅದರ ಕೂಗಿಗೆ ಓಗೊಟ್ಟರೆ ಸಾಕು.

ಹಾಗಾದರೆ ದಿನಕ್ಕೆ ಎಷ್ಟು ನೀರು ಬೇಕು? ‘ಎಂಟು ಲೋಟ’ ಎಂಬ ಮಾತನ್ನು ತಾವೆಲ್ಲರೂ ಕೇಳಿರಬಹುದು. ೧೯೪೫ರಲ್ಲಿ ಅಮೇರಿಕದ ಆಹಾರ ಮತ್ತು ಪೋಷಣ ಮಂಡಲಿಯು ಪ್ರಾಯದವರಿಗೆ ದಿನಕ್ಕೆ ಎರಡೂವರೆ ಲೀಟರು ನೀರು ಯೋಗ್ಯವೆಂದು ಹೇಳಿತು. ಅದರ ಬೆನ್ನಿಗೇ, ಇದರಲ್ಲಿ ಬಹುಪಾಲು ಅಡಿಗೆಯ ಪದಾರ್ಥಗಳಲ್ಲಿಯೇ ಇರುತ್ತದೆಂದೂ ಹೇಳಿತ್ತು. ಜನರು ಮೊದಲಿನ ವಾಕ್ಯವನ್ನು ನೆನಪಿಟ್ಟರು, ಎರಡನೆಯದನ್ನು ಮರೆತರು. ಅನ್ನ, ಸಾರು, ಮಜ್ಜಿಗೆ, ಅಂಬಲಿ, ಚಹಾ ಇವುಗಳೆಲ್ಲ ನೀರಿನ ಲೆಕ್ಕದಲ್ಲಿಯೇ ಬರುತ್ತವೆ. ಸೌತೆಕಾಯಿಯಲ್ಲಂತೂ ನೂರಕ್ಕೆ ೯೫ ಪಾಲು ನೀರೇ.

ಆದುದರಿಂದ ಎಲ್ಲರಿಗೂ ಒಂದೇ ಅಳತೆ ಸಲ್ಲದು. ಆರೋಗ್ಯವಂತರಾದ ದೊಡ್ಡವರಿಗೆ, ನೆರಳಿನ ಕೆಲಸದಲ್ಲಿ, ಎರಡು ಲೀಟರಿನಷ್ಟು ನೀರು ಒಳ್ಳೆಯ ಅಂದಾಜು. ಹೊಲದ ಕೆಲಸಕ್ಕೆ, ಬೇಸಿಗೆಗೆ, ಬಾಣಂತನಕ್ಕೆ ಹೆಚ್ಚು ಬೇಕು. ಲೋಟಗಳನ್ನು ಎಣಿಸುವದಕ್ಕಿಂತ ಸುಲಭವಾದ ಅಳತೆ ಇನ್ನೊಂದಿದೆ: ಮೂತ್ರದ ಬಣ್ಣ. ತಿಳಿ ಹಳದಿಯಾಗಿದ್ದರೆ ನೀರು ಸಾಲುತ್ತಿದೆ. ಎಣ್ಣೆಯಂತೆ ದಟ್ಟವಾಗಿದ್ದರೆ ಸಾಲುತ್ತಿಲ್ಲ. ಕೆಲವು ಔಷಧಿಗಳಿಂದಲೂ ಬಣ್ಣ ಬದಲಾಗುವದುಂಟು, ಅದನ್ನಷ್ಟು ಗಮನಿಸಿರಿ.

ಸಾಕಷ್ಟು ನೀರು ಕುಡಿಯುವದರಿಂದ ಆಗುವ ಲಾಭಗಳಲ್ಲಿ ಚೆನ್ನಾಗಿ ಸಿದ್ಧವಾದವು ಎರಡು. ಮೂತ್ರಪಿಂಡದಲ್ಲಿ ಹರಳು ಆದವರ ನೋವನ್ನು ನಾನು ಬಲ್ಲೆ, ನಾನೂ ಅದನ್ನು ಉಂಡವನೇ. ಪಾಠ ಮಾಡುತ್ತ ಗಂಟಲು ಒಣಗಿದರೂ ‘ಈ ತಾಸು ಮುಗಿಯಲಿ’ ಎಂದು ಮುಂದೂಡುತ್ತ ಮೂವತ್ತು ವರ್ಷ ಕಳೆದುದರ ಫಲವದು ಎಂದು ನನ್ನ ಅನುಮಾನ. ಇಟಲಿಯ ವೈದ್ಯರು ೧೯೯೬ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಒಮ್ಮೆ ಹರಳಾದ ಸುಮಾರು ೨೦೦ ಜನರನ್ನು ೫ ವರ್ಷ ನೋಡಿದರು. ಹೆಚ್ಚು ನೀರು ಕುಡಿದವರಲ್ಲಿ ನೂರಕ್ಕೆ ೧೨ ಜನರಿಗೆ ಹರಳು ಮರಳಿತು; ತಮ್ಮ ಹಳೆಯ ರೂಢಿಯಂತೆ ಇದ್ದವರಲ್ಲಿ ೨೭ ಜನರಿಗೆ. ಔಷಧಿಯಿಲ್ಲ, ಖರ್ಚಿಲ್ಲ, ಬರಿಯ ನೀರಿನಿಂದ ಅಪಾಯ ಅರ್ಧಕ್ಕಿಂತ ಕೆಳಗಿಳಿಯಿತು.

ಎರಡನೆಯದು ಹೆಣ್ಣುಮಕ್ಕಳನ್ನು ಕಾಡುವ ಉರಿಮೂತ್ರ. ೨೦೧೮ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಈ ಬೇನೆ ಮತ್ತೆ ಮತ್ತೆ ಬರುತ್ತಿದ್ದ ಮತ್ತು ನೀರು ಕಡಿಮೆ ಕುಡಿಯುತ್ತಿದ್ದ ೧೪೦ ಹೆಂಗಸರಲ್ಲಿ ಅರ್ಧ ಜನಕ್ಕೆ ದಿನಕ್ಕೆ ಒಂದೂವರೆ ಲೀಟರು ನೀರನ್ನು ಹೆಚ್ಚಾಗಿ ಕುಡಿಯಲು ಹೇಳಿದರು. ಒಂದು ವರ್ಷದಲ್ಲಿ ಅವರಿಗೆ ಬೇನೆ ಬಂದುದು ಸರಾಸರಿ ೧.೭ ಸಲ, ಉಳಿದವರಿಗೆ ೩.೨ ಸಲ.

ಈ ಮಾತನ್ನು ಬರೆಯುವಾಗ ನನಗೊಂದು ಘಟನೆ ನೆನಪಾಗುತ್ತದೆ. ಕೆಲವು ವರ್ಷಗಳ ಹಿಂದೆ ನಾನಿದ್ದ ಒಂದು ಶಾಲೆಯಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಮಧ್ಯಾಹ್ನದ ಮೇಲೆ ಆಟದ ಬಯಲಿನಲ್ಲಿ ತಲೆತಿರುಗಿ ಬಿದ್ದಳು. ಊಟ ಮಾಡಿದ್ದಳು, ಜ್ವರವಿರಲಿಲ್ಲ. ಅವಳ ಚೀಲದಲ್ಲಿ ಮನೆಯಿಂದ ತಂದ ನೀರಿನ ಬಾಟಲಿ ತುಂಬಿದಂತೆಯೇ ಇತ್ತು. ನಾನು ಎಷ್ಟು ಕೇಳಿದರೂ ತಲೆ ತಗ್ಗಿಸಿ ಸುಮ್ಮನೆ ಕುಳಿತಳು. ಕೊನೆಗೆ ನಮ್ಮ ಶಿಕ್ಷಕಿಯೊಬ್ಬರು ಪಕ್ಕಕ್ಕೆ ಕರೆದು ಕೇಳಿದಾಗ ಹೇಳಿದಳು: “ನೀರು ಕುಡದ್ರ ಹೊರಗ ಹೋಗಬೇಕಾಗ್ತೈತ್ರೀ ಅಕ್ಕೋರ. ಅಲ್ಲಿ ಬಾಗಲಕ್ಕ ಚಿಲಕ ಇಲ್ರೀ, ನೀರೂ ಇರೂದಿಲ್ರೀ.”

ಮರುದಿನ ನಾವು ತರಗತಿಗಳಲ್ಲಿ ಬಾಟಲಿಗಳನ್ನು ನೋಡಿದೆವು. ಸಂಜೆಯ ಹೊತ್ತಿಗೆ ಹುಡುಗರ ಬಾಟಲಿಗಳು ಬರಿದಾಗಿದ್ದವು. ಹುಡುಗಿಯರ ಬಾಟಲಿಗಳಲ್ಲಿ ಬಹಳಷ್ಟು ತುಂಬಿಯೇ ಇದ್ದವು. ಬೆಳಿಗ್ಗೆ ಮನೆ ಬಿಟ್ಟವರು ಸಂಜೆ ಮನೆ ಸೇರುವ ವರೆಗೆ ಗುಟುಕು ನೀರು ಕುಡಿಯದೆ ವ್ಯಾಕರಣ ಕಲಿಯುತ್ತಿದ್ದರು, ನಾನು ಕಲಿಸುತ್ತಿದ್ದೆ! ‘ನೀರೇ ಆರೋಗ್ಯ’ ಎಂದು ಫಲಕದ ಮೇಲೆ ಸುಭಾಷಿತ ಬರೆದವನೂ ನಾನೇ. ಆ ವಾರ ನಾವು ಸಿಬ್ಬಂದಿಯವರು ಕೂಡಿ ಬಾಗಿಲಿಗೆ ಚಿಲಕ ಹಾಕಿಸಿ, ಒಳಗೆ ಒಂದು ನೀರಿನ ಪೀಪಾಯಿ ಇಡಿಸಿದೆವು. ಖರ್ಚು ಹೇಳಿಕೊಳ್ಳುವಂಥದಲ್ಲ. ತಿಂಗಳೊಳಗೆ ಬಾಟಲಿಗಳು ಬರಿದಾಗತೊಡಗಿದವು.

೨೦೧೯ರಲ್ಲಿ ಕೇರಳದ ಶಾಲೆಗಳಲ್ಲಿ ಮಕ್ಕಳು ನೀರು ಕುಡಿಯಲೆಂದೇ ಬೇರೆ ಗಂಟೆ ಬಾರಿಸುವ ಪದ್ಧತಿ ಸುದ್ದಿಯಾಯಿತು. ನಮ್ಮ ರಾಜ್ಯದಲ್ಲಿಯೂ ಆ ‘ನೀರಿನ ಗಂಟೆ’ಯ ವಿಚಾರ ಬಂದಿತು. ಪದ್ಧತಿ ಒಳ್ಳೆಯದು. ಆದರೆ ನನ್ನ ಅನುಭವದ ಮಾತೆಂದರೆ, ಗಂಟೆ ಬಾರಿಸುವ ಮೊದಲು ಚಿಲಕ ನೋಡಬೇಕು. ಹೊಲಗೆಲಸಕ್ಕೆ ಹೋಗುವ ಹೆಂಗಸರು, ದಿನವಿಡೀ ಕುಳಿತು ಬೀಡಿ ಕಟ್ಟುವ ತಾಯಂದಿರು ನೀರು ಕುಡಿಯದಿರುವದಕ್ಕೂ ಎಷ್ಟೋ ಸಲ ಇದೇ ಕಾರಣವಿರುತ್ತದೆ. ಇದು ಅವರ ಅಜ್ಞಾನವಲ್ಲ, ನಮ್ಮ ಅಲಕ್ಷ್ಯ.

ಇನ್ನು ಬಿಸಿಲಿನಲ್ಲಿ ದುಡಿಯುವವರ ಮಾತು. ನಮ್ಮ ಭಾಗದಲ್ಲಿ ಕಾರಖಾನೆಗಳ ಹಂಗಾಮು ಆರಂಭವಾಯಿತೆಂದರೆ ಬೀಡ ಮುಂತಾದ ಕಡೆಗಳಿಂದ ಕಬ್ಬು ಕಡಿಯುವವರ ಗ್ಯಾಂಗುಗಳು ಬರುತ್ತವೆ. ಬಿರುಬಿಸಿಲಿನ ದುಡಿಮೆಯಲ್ಲಿ ತಾಸಿಗೆ ಒಂದು ಲೀಟರಿನಷ್ಟು ಬೆವರು ಹೋಗಬಲ್ಲದು. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ನೀರು ಕಡಿಮೆಯಾದರೂ ದುಡಿಯುವ ಶಕ್ತಿ, ಲಕ್ಷ್ಯ ಎರಡೂ ಕುಗ್ಗುತ್ತವೆ. ಮಧ್ಯ ಅಮೇರಿಕದ ನಿಕರಾಗುವಾ, ಎಲ್ ಸಾಲ್ವಡಾರ್ ದೇಶಗಳಲ್ಲಿ ಕಬ್ಬು ಕಡಿಯುವ ಅನೇಕ ತರುಣರ ಮೂತ್ರಪಿಂಡಗಳು ಕೆಟ್ಟು ಸಾವುಗಳು ಸಂಭವಿಸಿವೆ. ಕಾರಣ ಪೂರ್ತಿ ನಿರ್ಣಯವಾಗಿಲ್ಲವಾದರೂ ಉರಿಬಿಸಿಲಿನ ಕಷ್ಟದ ದುಡಿಮೆ ಮತ್ತು ನೀರಿನ ಕೊರತೆಯ ಮೇಲೆ ಬಲವಾದ ಸಂಶಯವಿದೆ. ‘ನೀರು, ವಿಶ್ರಾಂತಿ, ನೆರಳು’ ಎಂಬ ಮೂರು ಸೂತ್ರಗಳನ್ನು ಅಲ್ಲಿ ಆಚರಣೆಗೆ ತಂದಿದ್ದಾರೆ. ನಮ್ಮ ಕಬ್ಬಿನ ಗದ್ದೆಗಳಿಗೂ ಈ ಮೂರು ಸೂತ್ರಗಳು ಬೇಕು.

ಇಂಥ ದುಡಿಮೆಯಲ್ಲಿ ನೀರಡಿಕೆಯಾಗುವ ವರೆಗೆ ಕಾಯದೆ ೧೫-೨೦ ನಿಮಿಷಕ್ಕೊಮ್ಮೆ ಒಂದು ಲೋಟದಂತೆ ಕುಡಿಯುವದು ಒಳ್ಳೆಯದು. ಆದರೆ ತಾಸಿಗೆ ಒಂದೂವರೆ ಲೀಟರು ಮೀರಬಾರದು. ಬೆವರಿನೊಡನೆ ಉಪ್ಪೂ ಹೋಗುವದರಿಂದ ಹೊತ್ತು ಹೊತ್ತಿಗೆ ಊಟ ಮಾಡಬೇಕು. ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿಗಳನ್ನು ಹೊಲಕ್ಕೆ ಒಯ್ಯುತ್ತಿದ್ದ ನಮ್ಮ ಹಿರಿಯರ ರೂಢಿ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ.

ವಾಂತಿಭೇದಿಯಲ್ಲಿ ಬರಿಯ ನೀರು ಸಾಲದು. ಕರುಳಿನಲ್ಲಿ ಸಕ್ಕರೆಯು ಉಪ್ಪನ್ನು ಕೈಹಿಡಿದು ರಕ್ತಕ್ಕೆ ಕರೆದೊಯ್ಯುತ್ತದೆ, ಅವುಗಳ ಬೆನ್ನಿಗೆ ನೀರು ಹೋಗುತ್ತದೆ. ೧೯೭೧ರಲ್ಲಿ ಬಂಗಾಲದ ಬನಗಾಂವದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದು ಸಲೈನು ಮುಗಿದಾಗ ಡಾ. ದಿಲೀಪ ಮಹಲನಬೀಸರು ಸಕ್ಕರೆ-ಉಪ್ಪಿನ ನೀರನ್ನೇ ಕುಡಿಸಿ ಸಾವಿನ ಪ್ರಮಾಣವನ್ನು ನೂರಕ್ಕೆ ೩೦ರಿಂದ ೪ಕ್ಕಿಂತ ಕೆಳಗಿಳಿಸಿದರು. ಈಗ ಓ.ಆರ್.ಎಸ್. ಪೊಟ್ಟಣ ಎಲ್ಲೆಡೆ ಸಿಗುತ್ತದೆ. ಅದರ ಮೇಲೆ ಬರೆದಷ್ಟೇ ಶುದ್ಧ ನೀರಿನಲ್ಲಿ ಕಲಸಬೇಕು. ಅದು ದೊರೆಯದಿದ್ದರೆ ಒಂದು ಲೀಟರು ನೀರಿಗೆ ಆರು ಸಪಾಟು ಚಹಾ ಚಮಚ ಸಕ್ಕರೆ, ಅರ್ಧ ಸಪಾಟು ಚಮಚ ಉಪ್ಪು. ಅತಿಥಿಗೆ ಬೆಲ್ಲ-ನೀರು ಕೊಟ್ಟ ಹಿರಿಯರಿಗೆ ಈ ಶಾಸ್ತ್ರ ಗೊತ್ತಿತ್ತೆಂದು ನಾನು ಹೇಳಲಾರೆ. ಉಪ್ಪಿಲ್ಲದ ಬೆಲ್ಲ-ನೀರು ಭೇದಿಗೆ ಮದ್ದೂ ಅಲ್ಲ.

ಅಮೃತವೂ ಅತಿಯಾದರೆ ವಿಷವೆನ್ನುವರು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಕೊಡಗಟ್ಟಲೆ ನೀರು ಕುಡಿದರೆ ಸಕಲ ರೋಗ ಪರಿಹಾರವೆನ್ನುವ ಮಾತಿಗೆ ಆಧಾರವಿಲ್ಲ. ಒಮ್ಮೆಲೇ ಬಹಳ ಕುಡಿದರೆ ರಕ್ತದಲ್ಲಿಯ ಉಪ್ಪಿನಂಶ ತೆಳುವಾಗಿ ಪ್ರಾಣಕ್ಕೆ ಅಪಾಯ. ೨೦೦೨ರಲ್ಲಿ ಬಾಸ್ಟನ್ ನಗರದ ದೂರದ ಓಟದಲ್ಲಿ ಪರೀಕ್ಷೆಗೊಳಗಾದ ೪೮೮ ಜನ ಓಟಗಾರರಲ್ಲಿ ನೂರಕ್ಕೆ ೧೩ ಜನರಿಗೆ ಹೀಗಾಗಿತ್ತು. ಹೃದಯದ, ಮೂತ್ರಪಿಂಡದ ಬೇನೆಯುಳ್ಳವರು ವೈದ್ಯರು ಹೇಳಿದಷ್ಟನ್ನೇ ಕುಡಿಯಬೇಕು. ಆರು ತಿಂಗಳೊಳಗಿನ ಕೂಸಿಗೆ ತಾಯಿಯ ಹಾಲೇ ನೀರು. ಮುಪ್ಪಿನಲ್ಲಿ ನೀರಡಿಕೆ ಮಂದವಾಗುತ್ತದೆ. ಆದುದರಿಂದ ಅಜ್ಜ-ಅಜ್ಜಿಯರು ಕೇಳದಿದ್ದರೂ ಹೊತ್ತಿಗೊಮ್ಮೆ ತಂಬಿಗೆ ಮುಂದಿಡಬೇಕು.

ಕೊನೆಗೆ, ಕುಡಿಯುವ ನೀರು ಶುದ್ಧವಾಗಿರಬೇಕೆಂಬುದನ್ನು ಬೇರೆ ಹೇಳಬೇಕೆ? ನಮ್ಮ ಅಕ್ಕೋಳದ ಪಕ್ಕದಲ್ಲಿ ವೇದಗಂಗೆ ಹರಿಯುತ್ತಾಳೆ. ಮಳೆಗಾಲದಲ್ಲಿ ಹೊಳೆ ಏರಿ ಅಕ್ಕೋಳ-ಸಿದ್ನಾಳದ ಸೇತುವೆ ಮುಳುಗುವದುಂಟು. ಅಂಥ ದಿನಗಳಲ್ಲಿ ಸುತ್ತಲೂ ನೀರೇ ಇದ್ದರೂ ಕುಡಿಯಲು ತಕ್ಕ ನೀರು ಅಪರೂಪ. ಅರಿವೆಯಿಂದ ಸೋಸಿ, ಕುದಿ ಬಂದ ಮೇಲೆ ಒಂದು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಿಟ್ಟು ಆರಿಸಿ ಕುಡಿಯಬೇಕು.

ವಾಚಕರೇ, ಇಷ್ಟು ಓದಿದ ಮೇಲೆ ಎರಡು ಕೆಲಸ ಮಾಡಿರಿ. ಎದ್ದು ಒಂದು ಲೋಟ ನೀರು ಕುಡಿಯಿರಿ. ಸಂಜೆ ಮಗಳು ಶಾಲೆಯಿಂದ ಬಂದಾಗ ಅವಳ ಬಾಟಲಿಯನ್ನೊಮ್ಮೆ ಎತ್ತಿ ನೋಡಿರಿ. ಅದು ತುಂಬಿದ್ದರೆ ಅವಳನ್ನು ಬೈಯಬೇಡಿರಿ. ಶಾಲೆಗೆ ಹೋಗಿ ಚಿಲಕ ಇದೆಯೇ ಎಂದು ಕೇಳಿರಿ.